ಗರಗಸ ತಿಂದ ಸಂದಿಗೆ ಏನಂತೀರಿ?

ನಮಸ್ಕಾರ, ನಂಗೊಂದು ಪದ ಬೇಕಿತ್ತು. ಮರ ಕೊಯ್ವಾಗ ಗರಗಸದ ಹಲ್ಲು ಓಡಿದ ಕಡೆ ಮರ ಹುಡಿಯಾಗಿ ಉದುರಿ ಸಣ್ಣ ಸಂದಿ ಬೀಳ್ತದಲ್ವ, ಇಂಗ್ಲಿಷಲ್ಲಿ ಅದಕ್ಕೆ ಕೆರ್ಫ್ ಅಂತಾರೆ. ನಮ್ಮಲ್ಲಿ ಕೆಲಸ ಮಾಡೋರ ಬಾಯಲ್ಲಿ ಇದಕ್ಕೆ ಅಂತಲೇ ಒಂದು ಪದ ಉಂಟಾ?

ಮಡಿಕೇರಿ ಹತ್ರ ನಮ್ಮನೇಲಿ ನಾನೂ ಅಕ್ಕನ ಮಗನೂ ಸೇರಿ ಕೊಡಗಿನ ಕುಟುಂಬಗಳ ಹಳೇ ಮೂಲಮನೆಯಾದ ಐನ್‌ಮನೆಯ ಮಾಡೆಲ್ ಮಾಡ್ತಿದ್ದೀವಿ, 1:25 ಅಳತೆಲಿ, ಕೈಯಾಲೆ (ಮುಂದಿನ ಜಗಲಿ), ಕಂಬ, ಐಮರ (ಜಗಲಿ ಕಂಬಗಳ ನಡುವೆ ಕೂರೋ ಮರದ ಹಲಗೆ) ಎಲ್ಲ ಕೈಯಲ್ಲೇ ಕೊಯ್ದು. ಮರ ಸಿಲ್ವರ್ ಓಕ್, ಕಾಫಿ ತೋಟದಲ್ಲಿ ನೆರಳಿಗೆ ಹಾಕಿದ್ದು, ಮೆದು. ಕಿಟಕಿ ಸರಳಿಗೆ 240 ಮಿಮೀ ಪಟ್ಟಿ ಕೊಟ್ಟು 40ಕ್ಕೊಂದು ಗೀಟು ಹಾಕಿ ಆರು ತುಂಡು ಮಾಡು ಅಂದೆ. ಹುಡುಗ ಗೀಟಿನ ನಡು ಮೇಲೇ ಕೊಯ್ದ, ಕೈ ಎಲ್ಲೂ ತಪ್ಪಿಲ್ಲ. ಆದ್ರೂ ನಡುವಿನ ನಾಲ್ಕು ತುಂಡು 39 ಬಂತು, ತುದಿಯವೆರಡು 39.5. ನಮ್ಮ ಗರಗಸ ಒಂದು ಸಲಕ್ಕೆ 1 ಮಿಮೀ ತಿಂತದೆ, ನಡುವಿನ ತುಂಡಿಗೆ ಎರಡೂ ಬದಿಯಿಂದ ಅರ್ಧರ್ಧ ಹೋಗ್ತದೆ, ತುದಿಯದಕ್ಕೆ ಒಂದೇ ಬದಿ. 1 ಮಿಮೀ ಏನು ಮಹಾ ಅನ್ಸಬಹುದು, ಆದ್ರೆ ಆ ಅಳತೆಲಿ ಅದು ನಿಜದ ಮನೆಯ 25 ಮಿಮೀ, ಹತ್ತಿರ ಹತ್ತಿರ ಒಂದು ಇಂಚು! ಸರಳು ಚೌಕಟ್ಟಲ್ಲಿ ಕೂರ್ದೆ ಬಿದ್ದೋಯ್ತು. "ನಾನು ಸರಿಯಾಗೇ ಕೊಯ್ದೆ ಮಾವ" ಅಂದ, ಕಣ್ಣು ತುಂಬಿತ್ತು. ತಪ್ಪು ನಿಂದಲ್ಲ, ಇದರದ್ದು ಅಂತ ತೋರ್ಸೋಕೆ ಹೋದ್ರೆ "ಇದು" ಅನ್ನೋದಕ್ಕೆ ಹೆಸರೇ ಬಾಯಿಗೆ ಬರ್ಲಿಲ್ಲ.

ನಮ್ಮೂರ ಆಚಾರಿಯವರನ್ನ ಕೇಳಿದ್ರೆ "ಗರಗಸ ತಿನ್ನೋದಕ್ಕೆ ಬಿಟ್ಟು ಅಳೀಬೇಕಲ್ಲ" ಅಂದ್ರು. ಎಷ್ಟು ಚೆಂದದ ಮಾತು. ಆದ್ರೆ ಅದು ಮಾತು, ಪದ ಅಲ್ಲ.

ನಾನು ಯೋಚಿಸಿದ್ದು ಹೇಳ್ತೀನಿ. ಗರಗಸದ ದಪ್ಪ ಅಂದ್ರೆ ತಪ್ಪಾಗ್ತದೆ, ಯಾಕಂದ್ರೆ ಹಲ್ಲುಗಳನ್ನ ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿರ್ತಾರೆ, ಇಲ್ದಿದ್ರೆ ಅಲಗು ಮರದೊಳಗೆ ಸಿಕ್ಕಾಕೊಳ್ತದೆ, ಹಾಗಾಗಿ ಸಂದಿ ಅಲಗಿಗಿಂತ ಅಗಲವೇ ಇರ್ತದೆ. ಕಚ್ಚು ಅಂದ್ರೆ ಇನ್ನೊಂದು ಮರ ಕೂರ್ಸೋಕೆ ಬೇಕಂತ ತೆಗೆಯೋದು. ಸೀಳು ಅಂದ್ರೆ ಮರ ತಾನಾಗಿ ಬಿಟ್ಟಿದ್ದೂ ಆಗ್ತದೆ, ಸೀಳಿದಾಗ ಹುಡಿ ಉದುರಲ್ಲ, ಏನೂ ಕಮ್ಮಿ ಆಗಲ್ಲ. ಅಕ್ಕಸಾಲಿಗರ ತೇಮಾನು ನಂಗೆ ತುಂಬ ಹತ್ತಿರ ಅನ್ಸ್ತು, ಕೆಲಸದಲ್ಲಿ ಕಳೆದುಹೋಗೋ ಚಿನ್ನದ ಲೆಕ್ಕ ಅದು. ಆದ್ರೆ ತೇಮಾನು ಕಣ್ಣಿಗೆ ಕಾಣಲ್ಲ, ಲೆಕ್ಕದಲ್ಲಿ ಮಾತ್ರ ಇರ್ತದೆ, ನಂಗೆ ಬೇಕಾದ್ದು ಕಾಣೋ ಸಂದಿ. ಇಂಗ್ಲಿಷಿನ ಕೆರ್ಫ್ ಎರಡಕ್ಕೂ ಒಂದೇ, ಅದರ ಹಳೇ ಅರ್ಥ ಬರೀ ಕಡಿತ, ಕಾರ್ವ್ ಅನ್ನೋ ಪದದ ನೆಂಟ. (ನಮ್ಮ ಗರಗಸವೂ ಸಂಸ್ಕೃತದ ಕ್ರಕಚದಿಂದ ಬಂದ ತದ್ಭವ, ನಾಲಿಗೆಗೆ ಎಷ್ಟು ಹೊಂದಿಕೊಂಡಿದೆ ನೋಡಿ.) ನಾವು ಎರಡು ಪದ ಇಟ್ಕೊಂಡ್ರೇ ಒಳ್ಳೇದು, ಹೋದ ಮರಕ್ಕೆ ತೇಮಾನು, ಸಂದಿಗೆ ಕೊಯ್ಗಂಡಿ. ಬೇಲಿಲಿ ದಾಟೋಕೆ ಬಿಟ್ಟ ಸಂದಿಗೆ ಗಂಡಿ ಅಂತೀವಲ್ಲ, ಅದೇ.

ಈಗ ಹುಡುಗ ಎಲ್ಲ ಗೀಟು ಒಟ್ಟಿಗೆ ಹಾಕಲ್ಲ. ಪೆನ್ಸಿಲ್ ಬಿಟ್ಟು ಚಾಕುವಲ್ಲಿ ಸಣ್ಣಗೆ ಗೀಚಿ, ಗೀಟು ಉಳಿಸಿ, ಬೇಡದ ಬದಿಗೆ ಗರಗಸ ಇಟ್ಟು ಕೊಯ್ತಾನೆ, ಆಮೇಲೆ ಮುಂದಿನ ತುಂಡು ಅಳೀತಾನೆ. ನಿನ್ನೆ ಆರು ಸರಳೂ 40 ಬಂತು, ಪಟ್ಟಿ ಮಾತ್ರ ಈ ಸಲ 250 ತಗೊಂಡಿದ್ವಿ. ಗೀಟಿನ ಆ ಬೇಡದ ಬದಿಗೂ ಆಚಾರಿಗಳಲ್ಲಿ ಹೆಸರಿರಬೇಕು ಅಂತ ನಂಗೆ ಅನುಮಾನ.

ಕೊಡವ ತಕ್ಕಲ್ಲಿ, ಅರೆಭಾಷೇಲಿ ಮರಗೆಲಸ ಮಾಡೋರು ಮನೇಲಿದ್ರೆ ದಯವಿಟ್ಟು ಕೇಳಿ ತಿಳಿಸಿ, ಅವ್ರು ಹೇಳಿದ ಹಾಗೇ ಬರೀರಿ, ತಿದ್ದಬೇಡಿ.