ಟೈರು ‘ಉಜ್ಜುತ್ತೆ’, ‘ತಾಕುತ್ತೆ’, ‘ತಿನ್ನುತ್ತೆ’: ಯಾವುದು ಯಾವಾಗ?

ಪ್ರಶ್ನೆ (ಮೈಸೂರಿನಿಂದ)

ನಮಸ್ಕಾರ. ಎತ್ತರ ತಗ್ಗಿಸಿ ದೊಡ್ಡ ಅಲಾಯ್ ಹಾಕಿಸಿದ ಕಾರುಗಳಲ್ಲಿ ಟೈರು ಬಾಡಿಗೆ ಉಜ್ಜುವ ತೊಂದರೆ ಕುರಿತು ಗ್ಯಾರೇಜಿನ ಹುಡುಗರಿಗೆಂದು ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಒಂದು ವಾಕ್ಯ ಹೀಗಿದೆ: ‘ಟೈರ್ ಘರ್ಷಣೆಯನ್ನು ನಿವಾರಿಸಲು ರಕ್ಷಾಕವಚದ ತುಟಿಯನ್ನು ಉರುಳಿಸಬೇಕು.’ ಕೆಲಸ ಬಲ್ಲವರಿಗೂ ಇದು ಅರ್ಥವಾಗುವ ಹಾಗಿಲ್ಲ. ‘ಘರ್ಷಣೆ’ ಇಲ್ಲಿ ಹೊಂದುತ್ತದೆಯೇ? ಉಜ್ಜು, ತಿಕ್ಕು, ತಾಕು, ತೀಡು, ಸವೆ ಇವುಗಳಲ್ಲಿ ಯಾವುದು ಸರಿ? ‘ಫುಲ್ ಲಾಕ್’, ‘ಆಫ್‌ಸೆಟ್’, ‘ಫೆಂಡರ್ ರೋಲಿಂಗ್’ ಇವಕ್ಕೆ ಗ್ಯಾರೇಜಿನಲ್ಲಿ ಆಡುವ ಮಾತೇ ಬೇಕು, ನಿಘಂಟಿನ ಮಾತು ಬೇಡ.

ಉತ್ತರ (ಮೈಸೂರು, ವ್ಯಾಕರಣದ ಕಡೆಯಿಂದ)

‘ಘರ್ಷಣೆ’ ಬೇಡ. ಪತ್ರಿಕೆಯವರಿಗೆ ಘರ್ಷಣೆ ಎಂದರೆ ಎರಡು ಗುಂಪಿನ ಹೊಡೆದಾಟ. ವಿಜ್ಞಾನದ ಪಾಠದಲ್ಲಿ ಅದು ಟೈರಿಗೂ ರಸ್ತೆಗೂ ನಡುವೆ ಇರಲೇಬೇಕಾದ ಬಲ. ಅದಿಲ್ಲದಿದ್ದರೆ ಬ್ರೇಕು ಹಿಡಿದರೂ ಗಾಡಿ ನಿಲ್ಲುವುದಿಲ್ಲ. ‘ಟೈರ್ ಘರ್ಷಣೆ ನಿವಾರಿಸಿ’ ಎಂದು ಬರೆದರೆ ಟೈರಿನ ಹಿಡಿತವನ್ನೇ ತೆಗೆಯಿರಿ ಎಂದಂತಾಯಿತು. ‘ತಿಕ್ಕಾಟ’ ಮನೆಯೊಳಗಿನ ಜಗಳಕ್ಕೆ ಹೋಯಿತು. ‘ತೀಡು’ ಚೆನ್ನಾದ ಮಾತು, ಆದರೆ ಈಗ ಗಾಳಿ ತೀಡುತ್ತದೆ, ಬರಹವನ್ನು ತಿದ್ದಿ ತೀಡುತ್ತಾರೆ. ಟೈರಿಗೆ ಯಾರೂ ಹೇಳುವುದಿಲ್ಲ.

ಉಳಿಯುವುದು ‘ಉಜ್ಜು’. ಇದನ್ನು ಬಳಸುವಾಗ ವಿಭಕ್ತಿಯ ಮೇಲೆ ಕಣ್ಣಿರಲಿ. ‘ಗೋಡೆಯನ್ನು ಉಜ್ಜಿದ’ ಎಂದರೆ ಬೇಕೆಂದೇ ಉಜ್ಜಿದ, ಬಹುಶಃ ಸುಣ್ಣ ಬಳಿಯುವ ಮೊದಲು. ‘ಗೋಡೆಗೆ ಉಜ್ಜಿದ’ ಎಂದರೆ ಹೋಗುವ ದಾರಿಯಲ್ಲಿ ಗೋಡೆ ಸಿಕ್ಕಿತು. ಎಮ್ಮೆ ಮರಕ್ಕೆ ಮೈ ಉಜ್ಜಿಕೊಳ್ಳುತ್ತದೆ, ಮರವನ್ನು ಉಜ್ಜುವುದಿಲ್ಲ. ಹಾಗಾಗಿ ‘ಟೈರು ಮಡ್‌ಗಾರ್ಡನ್ನು ಉಜ್ಜುತ್ತದೆ’ ಅಲ್ಲ, ‘ಮಡ್‌ಗಾರ್ಡ್‌ಗೆ ಉಜ್ಜುತ್ತದೆ’. ಗ್ಯಾರೇಜಿನವರು ಯಾರ ಹತ್ತಿರವೂ ಕಲಿಯದೆ ಇದನ್ನು ಸರಿಯಾಗಿಯೇ ಆಡುತ್ತಾರೆ. ತಪ್ಪುವುದು ಬರೆಯಲು ಕೂತಾಗ.

ಭಾವನಾಮ ಬೇಕೇ ಬೇಕೆಂದರೆ ‘ಉಜ್ಜುವಿಕೆ’ ಇದೆ. ಆದರೆ ಅದು ಏನಾಗುತ್ತಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿ, ಯಾವಾಗ, ಯಾವುದಕ್ಕೆ ಎಂಬ ಮೂರನ್ನೂ ನುಂಗಿಬಿಡುತ್ತದೆ. ಕ್ರಿಯಾಪದದಲ್ಲೇ ಬರೆಯಿರಿ.

‘ಫುಲ್ ಲಾಕ್’ ಬಗ್ಗೆ, ಅಂದರೆ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸುವುದರ ಬಗ್ಗೆ: ಬೀಗದ ಗೋಜಿಗೆ ಹೋಗಬೇಡಿ. ನಮ್ಮ ಕಡೆ ಡ್ರೈವರುಗಳು ‘ಫುಲ್ ಕಟ್ ಹೊಡಿ’ ಎನ್ನುತ್ತಾರೆ, ‘ಲೆಫ್ಟ್ ಕಟ್ ಮಾಡಿ ರಿವರ್ಸ್ ತಗೊ’ ಎನ್ನುತ್ತಾರೆ. ಕೈಪಿಡಿಗೂ ‘ಸ್ಟೇರಿಂಗ್ ಪೂರ್ತಿ ಕಟ್ ಮಾಡಿದಾಗ’ ಸಾಕು.

ಉತ್ತರ (ಮಂಡ್ಯ, ಟಿಂಕರಿಂಗ್ ಮತ್ತು ಸಸ್ಪೆನ್ಷನ್ ಕೆಲಸ)

ಮೇಲಿನವರು ಹೇಳಿದ್ದು ಸರಿ. ಆದರೆ ‘ಉಜ್ಜು’ ಒಂದರಲ್ಲೇ ಎಲ್ಲವನ್ನೂ ತುಂಬಬೇಡಿ. ಗಿರಾಕಿ ಯಾವ ಮಾತು ಆಡಿದ ಅನ್ನುವುದರ ಮೇಲೆಯೇ ಯಾವ ಕಡೆ ಮೊದಲು ಬಗ್ಗಿ ನೋಡಬೇಕು ಅನ್ನುವುದು ಗೊತ್ತಾಗುತ್ತೆ.

‘ಹಂಪಲ್ಲಿ ಒಂದ್ಸಲ ತಾಕ್ತದೆ’ ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಮಾತ್ರ ಟೈರಿನ ತಲೆ ಮೇಲಕ್ಕೆ ಮುಟ್ಟುತ್ತಿದೆ. ‘ಕಟ್ ಹೊಡೆದ್ರೆ ಸರ್ರ್ ಅಂತ ಉಜ್ತದೆ’ ಅಂದರೆ ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ಕಿಗೆ, ಹೆಚ್ಚಾಗಿ ಹಿಂದಿನ ಮೂಲೆಯಲ್ಲಿ ಅಥವಾ ಬಂಪರ್ ಕಡೆ. ‘ಕೆರೀತದೆ’ ಅಂದರೆ ತಗಡಿನ ಅಂಚು ಸಿಕ್ಕಿದೆ, ಟೈರಿನ ಭುಜದ (ತಲೆಯೂ ಪಕ್ಕದ ಗೋಡೆಯೂ ಸೇರುವ ಕಡೆಯ) ಮೇಲೆ ಗೀರು ಸುತ್ತಲೂ ಕಾಣುತ್ತೆ. ‘ಕೊಯ್ದದೆ’ ಅಂದರೆ ಗಾಡಿ ಹೊರಗೆ ಬಿಡಬೇಡಿ: ಬಂಪರ್ ಮತ್ತು ಮಡ್‌ಗಾರ್ಡ್ ಸೇರುವ ಕಡೆ ಇರುವ ಸ್ಕ್ರೂ ಅಥವಾ ಕ್ಲಿಪ್ಪಿನ ತುದಿ ಟೈರಿನ ಗೋಡೆಗೆ ನಾಟಿದೆ. ಗೋಡೆ ಕೊಯ್ದ ಟೈರಿಗೆ ಪಂಕ್ಚರ್ ಹಾಕುವ ಹಾಗಿಲ್ಲ, ಬದಲಿಸಬೇಕು.

‘ತಿನ್ನುತ್ತೆ’ ಬೇರೆಯೇ ರೋಗ. ‘ಒಳಗಡೆ ಟೈರ್ ತಿಂದದೆ’ ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಒಳ ಅಂಚು ಬೋಳಾಗಿದ್ದು, ಗೂಡಿನಲ್ಲಿ ಎಲ್ಲೂ ಹೊಳಪಿನ ಗುರುತು ಇಲ್ಲದಿದ್ದರೆ ಅದು ಉಜ್ಜಿದ್ದಲ್ಲ. ತಗ್ಗಿಸಿದ ಕಾರಿನಲ್ಲಿ ಎರಡೂ ಒಟ್ಟಿಗೆ ಇರಬಹುದು, ಆಗ ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆಯುತ್ತಾರೆ.

ಇದೇ ರೀತಿ ‘ಕೂತದೆ’ ಮತ್ತು ‘ಇಳಿಸಿದೆ’. ಸ್ಪ್ರಿಂಗು ಸೋತೋ ಭಾರಕ್ಕೋ ಗಾಡಿ ತಾನಾಗಿ ಕೆಳಗೆ ಬಂದರೆ ‘ಹಿಂದೆ ಕೂತದೆ’. ಕಬ್ಬು ಹೇರಿದ ಟ್ರಾಲಿಗೂ ಇದೇ ಮಾತು. ಬೇಕೆಂದೇ ಮಾಡಿಸಿದರೆ ‘ಇಳಿಸಿದೆ’ ಅಥವಾ ‘ಲೋ ಮಾಡ್ಸಿದೆ’. ಬರಹದಲ್ಲಿ ‘ಇಳಿಸಿದ ಕಾರು’ ಎಂದರೆ ಲಾರಿಯಿಂದ ಇಳಿಸಿದ್ದೋ ಅನ್ನಿಸುತ್ತೆ, ನಿಮ್ಮ ‘ತಗ್ಗಿಸಿದ’ ಇರಲಿ.

‘ಮಡ್‌ಗಾರ್ಡ್’ ಕೂಡ ಮೋಸದ ಮಾತು. ಹೊರಗಿನ ತಗಡಿಗೂ ಅದೇ, ಒಳಗಿನ ಪ್ಲಾಸ್ಟಿಕ್ಕಿಗೂ ಅದೇ. ‘ಮಡ್‌ಗಾರ್ಡ್ ಬಿಸಿ ಮಾಡಿ ಒತ್ತಿ’ ಎಂದು ಬರೆದರೆ ಯಾವುದನ್ನು? ಪ್ಲಾಸ್ಟಿಕ್ಕನ್ನು ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ, ದಪ್ಪ ಬಟ್ಟೆ ಸುತ್ತಿದ ಕೈಯಲ್ಲಿ ಒಳಕ್ಕೆ ಒತ್ತಿ, ಆರುವ ತನಕ ಹಿಡಿದಿರಬೇಕು; ಬಿಟ್ಟರೆ ಮತ್ತೆ ಮುಂಚಿನ ಜಾಗಕ್ಕೇ ಬರುತ್ತೆ. ತಗಡಿನದು ಪೂರಾ ಬೇರೆ ಕೆಲಸ. ಕೈಪಿಡಿಯಲ್ಲಿ ‘ಹೊರತಗಡು’, ‘ಒಳಪ್ಲಾಸ್ಟಿಕ್’ ಅಂತ ಎರಡು ಹೆಸರು ಇಟ್ಟುಬಿಡಿ.

ಈಗ ಫೆಂಡರ್ ರೋಲಿಂಗಿಗೆ ನೀವು ಬರೆದ ‘ಉರುಳಿಸು’. ತಗಡನ್ನು ಉರುಳಿಸುವುದಲ್ಲ ಸ್ವಾಮಿ, ಅದರ ಮೇಲೆ ರೋಲರ್ ಉರುಳುವುದು. ತಗಡಿಗೆ ಆಗುವುದು ಮಡಿಕೆ. ದರ್ಜಿ ಪಂಚೆಯ ಅಂಚು ಮಡಿಸುವ ಹಾಗೇ ಇಲ್ಲೂ ‘ಅಂಚು ಮಡಿಸು’. ಚಕ್ರ ಬಿಚ್ಚಿ, ರೋಲರನ್ನು ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಬೋಲ್ಟ್ ಮಾಡಿ. ಅಂಚಿನ ಒಳಮೈ ತೊಳೆದು ಒಣಗಿಸಿ, ಮಣ್ಣು ಉಳಿದರೆ ಅದೇ ಬಣ್ಣವನ್ನು ಒಡೆಯುತ್ತೆ. ಹೀಟ್ ಗನ್ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ, ಬೆರಳು ಇಟ್ಟರೆ ಚುರ್ ಅನ್ನುವಷ್ಟು ಬಿಸಿ ಮಾಡಿ, ಗುಳ್ಳೆ ಏಳುವಷ್ಟಲ್ಲ. ರೋಲರನ್ನು ಒಂದೇ ಸಲಕ್ಕೆ ಒತ್ತಬೇಡಿ. ನಾಲ್ಕೈದು ಸುತ್ತು, ಪ್ರತಿ ಸುತ್ತಿಗೆ ಕೋನ ಸ್ವಲ್ಪ ಸ್ವಲ್ಪ ಏರಿಸಿ, ನಡುನಡುವೆ ಮತ್ತೆ ಬಿಸಿ ಕೊಡಿ. ತಣ್ಣಗಿರುವಾಗ ಮಡಿಸಿದರೆ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಅವತ್ತು ಕಾಣುವುದಿಲ್ಲ, ಒಂದು ಮಳೆಗಾಲ ಕಳೆದ ಮೇಲೆ ತುಕ್ಕಾಗಿ ಕಾಣುತ್ತೆ. ಬಿರುಕು ಬಿಟ್ಟ ಕಡೆ ಪ್ರೈಮರ್, ಬಣ್ಣ ಹಾಕಿಯೇ ಗಾಡಿ ಕೊಡಿ. ಸುತ್ತಿಗೆಯಲ್ಲಿ ಬಡಿದು ಮಡಿಸಿದರೆ ಹೊರಗಡೆ ಅಲೆ ಅಲೆಯಾಗಿ ಕಾಣುತ್ತೆ.

ಹಿಂದಿನ ಚಕ್ರದ ಗೂಡಿನಲ್ಲಿ ಹೊರತಗಡೂ ಒಳತಗಡೂ ಆ ಅಂಚಿನಲ್ಲೇ ಬೆಸುಗೆಯಾಗಿರುತ್ತೆ, ನಡುವೆ ಸೀಲರ್ ಇರುತ್ತೆ. ಮಡಿಸಿದಾಗ ಸೀಲರ್ ಬಿಟ್ಟುಕೊಂಡರೆ ಸಂದಿಗೆ ನೀರು ಇಳಿಯುತ್ತೆ. ಹಿಂದೆ ಮಡಿಸಿದ ಮೇಲೆ ಸೀಲರ್ ಮತ್ತೆ ಎಳೆಯಬೇಕು, ಇದು ಐಚ್ಛಿಕವಲ್ಲ.

ಉತ್ತರ (ಮೈಸೂರು, ವೀಲ್ ಅಲೈನ್‌ಮೆಂಟ್)

‘ದೊಡ್ಡ ವೀಲ್ ಹಾಕಿದ್ದಕ್ಕೆ ಉಜ್ಜುತ್ತೆ’ ಎಂಬ ಮಾತಿನಲ್ಲಿ ‘ದೊಡ್ಡ’ ಎಂಬ ಪದವನ್ನೇ ಸ್ವಲ್ಪ ಬಿಡಿಸಬೇಕು. ಲೆಕ್ಕ ಹಾಕಿ: 195/55 ಆರ್ 16 (ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇ. 55, ರಿಮ್ಮು 16 ಇಂಚು) ಟೈರಿನ ಒಟ್ಟು ವ್ಯಾಸ 620.9 ಮಿ.ಮೀ. 215/45 ಆರ್ 17ರದು 625.3. ರಿಮ್ಮು ಒಂದು ಇಂಚು ದೊಡ್ಡದಾದರೂ ಟೈರಿನ ತಲೆ ಮೇಲಕ್ಕೆ ಹೋಗುವುದು ಬರೀ 2.2 ಮಿ.ಮೀ. ಅಂದರೆ ‘ಎತ್ತರ’ ಹೆಚ್ಚಾಗಲಿಲ್ಲ, ಹೆಚ್ಚಾದದ್ದು ‘ಅಗಲ’. ಅಗಲ 20 ಮಿ.ಮೀ. ಏರಿತು, ಪ್ರತಿ ಬದಿಗೆ 10. ಹಳೆಯ ರಿಮ್ಮಿನ ಆಫ್‌ಸೆಟ್ ಅಂಕಿ ಇಟಿ 45, ಹೊಸದು ಇಟಿ 40 ಆಗಿದ್ದರೆ ಇಡೀ ಚಕ್ರ ಇನ್ನೂ 5 ಮಿ.ಮೀ. ಹೊರಗೆ ಬಂತು. ಕೂಡಿದರೆ ಹೊರಬದಿ 15 ಹೊರಗೆ, ಒಳಬದಿ 5 ಒಳಗೆ. ಅಂಚಿಗೆ ಕೆರೆಯುವುದು ಈ ಹದಿನೈದರಿಂದ. ಆದ್ದರಿಂದ ಕೈಪಿಡಿಯಲ್ಲಿ ‘ದೊಡ್ಡ’ ಎಂದು ಬರೆಯದೆ ‘ಅಗಲದ’, ‘ಎತ್ತರದ’ ಎಂದು ಬೇರೆ ಬೇರೆ ಮಾಡಿ.

‘ಆಫ್‌ಸೆಟ್’ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಹಾಗೇ ಇರಲಿ. ಆದರೆ ರಿಮ್ಮಿನ ಮೇಲಿನ ‘ಇಟಿ’ ಏನೆಂದು ಹೇಳಿದರೆ ಹುಡುಗರು ಮರೆಯುವುದಿಲ್ಲ. ಅದು ಜರ್ಮನ್ ಮಾತು, ಐನ್‌ಪ್ರೆಸ್‌ಟೀಫೆ: ಒಳಕ್ಕೆ ಒತ್ತಿದ ಆಳ. ಅಂಕಿ ದೊಡ್ಡದಾದಷ್ಟೂ ಚಕ್ರ ಒಳಕ್ಕೆ, ಚಿಕ್ಕದಾದಷ್ಟೂ ಹೊರಕ್ಕೆ. ಒಳಗಡೆ ಸ್ಟ್ರಟ್ಟಿಗೆ (ಶಾಕ್, ಸ್ಪ್ರಿಂಗ್ ಇರುವ ಕಂಬಕ್ಕೆ) ಉಜ್ಜುತ್ತಿದ್ದರೆ ಹಬ್ಬಿಗೂ ರಿಮ್ಮಿಗೂ ನಡುವೆ 5 ಮಿ.ಮೀ. ಸ್ಪೇಸರ್ ಬಿಲ್ಲೆ ಹಾಕುತ್ತಾರೆ. ಹಾಕಿದ ಮೇಲೆ ನಟ್ಟು ಎಷ್ಟು ಸುತ್ತು ಹಿಡಿಯುತ್ತದೆ ಎಣಿಸಿ. 12 ಮಿ.ಮೀ. ಸ್ಟಡ್, 1.5 ಪಿಚ್ (ಒಂದು ಸುತ್ತಿಗೆ ನಟ್ಟು ಸರಿಯುವ ಮಿ.ಮೀ.) ಆದರೆ ಕನಿಷ್ಠ ಎಂಟು ಸುತ್ತು. ಕಡಿಮೆ ಇದ್ದರೆ ಉದ್ದದ ಸ್ಟಡ್ ಹಾಕಿ.

ಎಲ್ಲಿ ಉಜ್ಜುತ್ತದೆ ಎಂದು ಹುಡುಕಲು ಟೈರಿನ ಎರಡೂ ಭುಜಕ್ಕೆ ಸೀಮೆಸುಣ್ಣ ಬಳಿಯಿರಿ, ಗೂಡಿನೊಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೊದಲು ನಿಂತಲ್ಲೇ ಎರಡೂ ಕಡೆ ಫುಲ್ ಕಟ್. ಆಮೇಲೆ ಹಿಂದೆ ಮೂವರನ್ನು ಕೂರಿಸಿ ನಿಧಾನಕ್ಕೆ ಹಂಪ್ ಹತ್ತಿಸಿ. ಕೊನೆಗೆ ಭಾರವೂ ತಿರುವೂ ಒಟ್ಟಿಗೆ ಬರುವ ಜಾಗ ಬೇಕು. ಚಾಮುಂಡಿ ಬೆಟ್ಟ ಇಳಿಯುವ ತಿರುವುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಟೇಪು ಎಲ್ಲಿ ಬಿಳಿಯಾಯಿತೋ ಅಲ್ಲಿ ‘ತಾಕಿದೆ’, ಎಲ್ಲಿ ಹರಿಯಿತೋ ಅಲ್ಲಿ ‘ಕೆರೆದಿದೆ’. ಇನ್ನೂ ಖಚಿತ ಬೇಕೆಂದರೆ ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ (ಸಸ್ಪೆನ್ಷನ್ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್ ತುಂಡು) ಒತ್ತುವ ತನಕ ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ ನೋಡಿ.

ಬಂಪ್ ಸ್ಟಾಪಿಗೆ ‘ತಡೆಗುಂಡು’ ಎಂದೆಲ್ಲ ಹೊಸೆಯಬೇಡಿ, ಆದರೆ ಅದರ ಕೆಲಸ ಬರೆಯಿರಿ. ಗಾಡಿ ಗಡುಸಾಯಿತು ಎಂದು ಅದನ್ನು ಅರ್ಧಕ್ಕೆ ಕೊಯ್ಯುವವರಿದ್ದಾರೆ. ಕೊಯ್ದಷ್ಟೂ ಚಕ್ರ ಮೇಲೇರುತ್ತದೆ, ತಾಕುತ್ತಿದ್ದುದು ಕೆರೆಯಲು ಶುರುವಾಗುತ್ತದೆ. ಬೇಕಿರುವುದು ತದ್ವಿರುದ್ಧ: ಶಾಕಿನ ರಾಡಿಗೆ 10 ಮಿ.ಮೀ. ಪ್ಯಾಕರ್ ಹಾಕಿ ಮೊದಲೇ ನಿಲ್ಲಿಸುವುದು. ಸ್ಪ್ರಿಂಗ್ ಸುತ್ತು ಕತ್ತರಿಸುವುದನ್ನಂತೂ ಕೈಪಿಡಿಯಲ್ಲಿ ‘ಮಾಡಬಾರದು’ ಎಂದೇ ಹಾಕಿ. ಗಾಡಿ ಎತ್ತಿದಾಗ ಗಿಡ್ಡ ಸ್ಪ್ರಿಂಗು ತನ್ನ ಬಟ್ಟಲು ಬಿಟ್ಟು ಅಲುಗಾಡುತ್ತದೆ, ಇಳಿಯುವಾಗ ವಾರೆಯಾಗಿ ಕೂರುತ್ತದೆ.

ಕ್ಯಾಂಬರ್ ನೆಗೆಟಿವ್ ಮಾಡಿದರೆ, ಅಂದರೆ ಟೈರಿನ ತಲೆಯನ್ನು ಒಳಕ್ಕೆ ‘ವಾಲಿಸಿದರೆ’, ಒಂದು ಡಿಗ್ರಿಗೆ ಸುಮಾರು 5 ಮಿ.ಮೀ. ಸಿಗುತ್ತದೆ. ಅಷ್ಟೇ ಸ್ಟ್ರಟ್ ಕಡೆ ಕಡಿಮೆಯಾಗುತ್ತದೆ, ಅದನ್ನೂ ಅಳೆಯಿರಿ. ಆಮೇಲೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿಮಾಡದಿದ್ದರೆ ‘ತಿನ್ನುತ್ತೆ’ ಶುರು.

ಇಷ್ಟೆಲ್ಲ ಬೇಡ ಎನ್ನುವವರಿಗೆ ಅಗ್ಗದ ದಾರಿ: 215ರ ಬದಲು ಅದೇ ರಿಮ್ಮಿಗೆ 205/45 ಆರ್ 17. ಪ್ರತಿ ಬದಿಗೆ 5, ತಲೆಯ ಕಡೆ 4.5 ಮಿ.ಮೀ. ಬಿಡುವು ಸಿಗುತ್ತದೆ. ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರುತ್ತದೆ ಎಂಬುದರ ಅಂಕಿ) ಮಾತ್ರ ನೋಡಿ. ಹಳೆಯ ಟೈರು 87 ಇದ್ದರೆ ಒಂದಕ್ಕೆ 545 ಕಿಲೋ. ಈ ಅಳತೆಯಲ್ಲಿ 84 ತಂದರೆ 500 ಕಿಲೋಗೆ ಇಳಿಯುತ್ತೀರಿ. 88 ಇರುವುದನ್ನು ಕೇಳಿ ತನ್ನಿ, ಅದು 560 ಹೊರುತ್ತದೆ.

ಮರುಪತ್ರ (ಪ್ರಶ್ನೆ ಕೇಳಿದವರಿಂದ)

ಎಲ್ಲರಿಗೂ ವಂದನೆ. ಆ ವಾಕ್ಯ ಈಗ ಹೀಗಾಗಿದೆ: ‘ಹಂಪ್ ಹತ್ತುವಾಗ ಟೈರಿನ ಭುಜ ಹೊರತಗಡಿನ ಅಂಚಿಗೆ ಕೆರೆಯುತ್ತಿದ್ದರೆ, ಅಂಚನ್ನು ಬಿಸಿ ಮಾಡಿ, ರೋಲರಿನಲ್ಲಿ ನಾಲ್ಕೈದು ಸುತ್ತಿಗೆ ಒಳಕ್ಕೆ ಮಡಿಸಿ. ಹಿಂದಿನ ಗೂಡಾದರೆ ಸೀಲರ್ ಮತ್ತೆ ಎಳೆಯಿರಿ.’ ಉದ್ದವಾಯಿತು, ಆದರೆ ಇದನ್ನು ಓದಿ ಕೆಲಸ ಮಾಡಬಹುದು. ‘ಮಾರ್ಪಾಟು’ ಪದ ಬರುವ ಪುಟದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಒಂದು ಸಾಲು ಸೇರಿಸಿದ್ದೇವೆ.

ಒಂದು ಮಾತ್ರ ಬಾಕಿ. ‘ಡಿಸ್ಕ್’ ಎಂದರೆ ಕೆಲವು ಅಂಗಡಿಗಳಲ್ಲಿ ಕಬ್ಬಿಣದ ರಿಮ್ಮು, ಕೆಲವು ಕಡೆ ಬ್ರೇಕಿನ ತಟ್ಟೆ. ‘ಡಿಸ್ಕಿಗೆ ಉಜ್ಜುತ್ತದೆ’ ಎಂದು ಬರೆದರೆ ಮಂಡ್ಯದಲ್ಲಿ ಯಾವುದು ಎಂದು ತಿಳಿಯುತ್ತಾರೆ?

ಉತ್ತರ (ಮಂಡ್ಯ)

ರಿಮ್ಮು ಅಂತಲೇ ತಿಳಿಯುತ್ತಾರೆ. ಬ್ರೇಕಿನದಾದರೆ ‘ಬ್ರೇಕ್ ಡಿಸ್ಕ್’ ಅಂತ ಪೂರ್ತಿ ಬರೆಯಿರಿ.