ಗಣಿ ಧೂಳು ತೋಟಕ್ಕೆ ಬಿದ್ದರೆ ಯಾರನ್ನು ಕೇಳಬೇಕು?

ಪ್ರಶ್ನೆ (ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು): ವಕೀಲರೇ, ತೋಟದ ಪಕ್ಕದ ರಸ್ತೆಯಲ್ಲಿ ದಿನವಿಡೀ ಅದಿರಿನ ಲಾರಿಗಳು. ಸೋಗೆ, ಹಿಂಗಾರದ ಮೇಲೆಲ್ಲ ಕೆಂಪು ಧೂಳು. ಕೇಳಿದರೆ 'ನಮಗೆ ಪರ್ಮಿಷನ್ ಇದೆ' ಅನ್ನುತ್ತಾರೆ. ನಾವು ಸುಮ್ನೆ ಇರಬೇಕಾ?

ಉತ್ತರ (ವಕೀಲ, ಚಿತ್ರದುರ್ಗ): ಸುಮ್ನೆ ಯಾಕಿರಬೇಕು ಯಜಮಾನ್ರೇ? ಆ ಪರ್ಮಿಷನ್ನೇ ನಿಮಗೆ ಬೇಕಾದ ಕಾಗದ. ಷರತ್ತಿಲ್ಲದ ಪರಿಸರ ಅನುಮತಿ ಇಲ್ಲ. ರಸ್ತೆಗೆ ನೀರು ಹೊಡೆಯುವುದು, ಲಾರಿಗೆ ಟಾರ್ಪಾಲ್ ಮುಚ್ಚುವುದು, ಧೂಳು ಅಳೆಯುವುದು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅದರ ಪ್ರತಿಯನ್ನು ಗಣಿಯವರು ಪಂಚಾಯಿತಿಗೂ ಕೊಡಬೇಕು. ಷರತ್ತು ಪಾಲಿಸಿದ ಬಗ್ಗೆ ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಸಲ್ಲಿಸಬೇಕು. ಇದೇನು ಗುಟ್ಟಿನ ಕಾಗದವಲ್ಲ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ದೂರು ಬರೆಯಿರಿ, ಡಿಸಿಗೂ ಒಂದು ಪ್ರತಿ. 'ಧೂಳು ಜಾಸ್ತಿ' ಅಂತಷ್ಟೇ ಬರೆದರೆ ಕಡತದಲ್ಲೇ ಉಳಿಯುತ್ತದೆ. ಇಂಥ ನಂಬರಿನ ಷರತ್ತು ಇಂಥ ತಾರೀಖು ಮುರಿದಿದ್ದಾರೆ ಅಂತ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಸಣ್ಣ ಧೂಳಿನ ಕಣ, ಅಂದರೆ ಪಿಎಂ 10, 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಅಳತೆ ನಿಮ್ಮ ತೋಟದ ಬದಿಯಲ್ಲೇ ಆಗಲಿ. ಗೇಟಿನ ಹತ್ತಿರ ನೀರು ಹೊಡೆದು ಅಳೆದರೆ ಏನು ಬಂತು?

ಮರುಪ್ರಶ್ನೆ (ಗೃಹಿಣಿ, ಹೊಸದುರ್ಗ): ಸರ್, ಹಸಿರು ನ್ಯಾಯಮಂಡಳಿಗೆ ಹೋಗಬಹುದಾ? ಅಷ್ಟು ದೊಡ್ಡವರ ಎದುರು ನಡೆಯುತ್ತದಾ?

ಉತ್ತರ: ನಡೆಯುತ್ತದೆ ಅಕ್ಕಾ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಕಬ್ಬಿಣದ ಗಣಿಗಳನ್ನೇ ನಿಲ್ಲಿಸಿತ್ತು, ಅಲ್ವಾ? ಹಸಿರು ನ್ಯಾಯಮಂಡಳಿ ಅಂದರೆ ಪರಿಸರದ ತಕರಾರು ಕೇಳುವ ನ್ಯಾಯಾಲಯ, ಅದರಲ್ಲಿ ನಮಗೆ ಚೆನ್ನೈ ಪೀಠ. ತಕರಾರು ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಪರಿಹಾರದ ದುಡ್ಡು ಕೇಳಲು 5 ವರ್ಷ ಅವಕಾಶ. 'ಶಾಸಕರು ಮಾತಾಡುತ್ತೇನೆ ಅಂದಿದ್ದಾರೆ' ಅಂತ ಕಾದು ಅವಧಿ ಕಳೆದುಕೊಂಡವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಬೆಳೆ ನಷ್ಟಕ್ಕೆ ಬಾಯಿಮಾತು ಸಾಲದು. ತೋಟಗಾರಿಕೆ ಇಲಾಖೆಯವರನ್ನು ಕರೆಸಿ ಸ್ಥಳ ಮಹಜರು ಮಾಡಿಸಿ. ಧೂಳು ಶುರುವಾಗುವ ಮುಂಚಿನ ವರ್ಷಗಳಲ್ಲಿ ಅಡಿಕೆ ಮಾರಿದ ರಸೀದಿಗಳನ್ನೂ ಹುಡುಕಿಡಿ.

ಇನ್ನೊಬ್ಬರು: ಗಣಿ ದುಡ್ಡು ಊರಿಗೂ ಬರುತ್ತದಂತೆ?

ಉತ್ತರ: ಹೌದು, ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು, ಅಂದರೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಇರುವ ನಿಧಿ. ಹರಾಜಿನಲ್ಲಿ ಗಣಿ ಪಡೆದವರು ರಾಜಧನದ (ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ 10ರಷ್ಟು, ಆ ತಿದ್ದುಪಡಿಗೂ ಹಳೆಯ ಗುತ್ತಿಗೆಯವರು ಶೇ 30ರಷ್ಟು ಈ ನಿಧಿಗೆ ಕಟ್ಟಬೇಕು. ಕುಡಿಯುವ ನೀರು, ಆಸ್ಪತ್ರೆಗೆ ಬಳಸಬಹುದು. ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಿ. ನೀರಿನ ಘಟಕ ಕಟ್ಟಿಸಿಕೊಟ್ಟರು ಅಂತ ಧೂಳಿನ ದೂರು ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ.

ಯಜಮಾನ್ರೇ, ಅನುಮತಿ ಪತ್ರ ಸಿಕ್ಕ ಕೂಡಲೇ ಫೋಟೊ ಇಲ್ಲಿ ಹಾಕಿ. ಯಾವ ಷರತ್ತು ಹಿಡಿಯಬೇಕು ಅಂತ ನೋಡಿ ಹೇಳುತ್ತೇನೆ.