ಮೆಥೊಪ್ರೀನ್ ಹಚ್ಚಿದರೂ ಅತ್ತ ರಾಣಿಯೂ ಅಲ್ಲ, ಇತ್ತ ಕೆಲಸಗಾರ್ತಿಯೂ ಅಲ್ಲ! ಏನು ಮಾಡಲಿ?

ಕೋಶಪ್ರಿಯ:
ತಲೆ ಕೆಟ್ಟುಹೋಗಿದೆ. ಪ್ಲೇಟಿನಲ್ಲಿ ಜೇನುನೊಣದ ಮರಿ ಸಾಕುತ್ತಿದ್ದೇನೆ. ನಾಲ್ಕನೇ ಹಂತದ ಮರಿಗಳಿಗೆ ಮೆಥೊಪ್ರೀನ್ ಹಚ್ಚಿದೆ, ಅದೇ, ಮರಿಯನ್ನು ರಾಣಿಯಾಗಿಸುವ ಜುವೆನೈಲ್ ಹಾರ್ಮೋನ್‌ನಂತೆ ಕೆಲಸ ಮಾಡುವ ರಾಸಾಯನಿಕ. ರಾಣಿ ಬರಬೇಕಿತ್ತು, ಅಲ್ವಾ? ಬಂದದ್ದೆಲ್ಲ ಅರ್ಧಂಬರ್ಧ. ದವಡೆ ರಾಣಿಯದು, ಹಿಂಗಾಲಲ್ಲಿ ಕೆಲಸಗಾರ್ತಿಯ ಪರಾಗದ ಬುಟ್ಟಿ! ಶಾಖ, ತೇವ ಎಲ್ಲ ಸರಿ ಇದೆ. ಪರಿಹಾರ ಹೇಳಿ, ಪಾಠ ಬೇಡ.

ಅಸಿಟೋನ್‌ಅಣ್ಣ:
ಮೆಥೊಪ್ರೀನ್ ಕೆಟ್ಟಿದೆ. ಬೆಳಕು ಬಿದ್ದರೆ ಅದು ಉಳಿಯುವುದಿಲ್ಲ. ಹೇಗೆ ಇಟ್ಟಿದ್ದೀರಿ?

ಕೋಶಪ್ರಿಯ:
ಗಾಜಿನ ಸೀಸೆ, ಫ್ರೀಜರ್, ಕತ್ತಲು. ಹೊಸದು.

ಅಸಿಟೋನ್‌ಅಣ್ಣ:
ಹಾಗಾದರೆ ಅದನ್ನು ಕರಗಿಸುವ ಅಸಿಟೋನ್‌ನಲ್ಲಿ ನೀರು ಸೇರಿರಬೇಕು. ಬದಲಿಸಿ ನೋಡಿ.

ರಸಪಾಕ:
ಹಾರ್ಮೋನ್ ಯಾಕೆ ಬೇಕು? ರಾಯಲ್ ಜೆಲ್ಲಿಯಲ್ಲಿ, ಅಂದರೆ ರಾಣಿ ಮರಿಗೆ ಉಣಿಸುವ ರಸದಲ್ಲಿ, ಇರುವ ರಾಯಲಾಕ್ಟಿನ್ ಪ್ರೋಟೀನ್ ಸಾಕು ಅಂತ 2011ರಲ್ಲೇ ಬಂದಿದೆ. ಜೆಲ್ಲಿ ಹಳೆಯದಾಗಿದೆಯಾ ನೋಡಿ.

ನಿಧಾನಿ:
2016ರಲ್ಲಿ ಅದನ್ನೇ ಬೇರೆಯವರು ಅಲ್ಲಗಳೆದರು. ಆ ಪ್ರೋಟೀನ್ ಇಲ್ಲದ ಜೆಲ್ಲಿಯಲ್ಲೂ ರಾಣಿ ಬೆಳೆದವು.

ರಸಪಾಕ:
ಒಂದು ಪ್ರಯೋಗದಿಂದ ಎಲ್ಲ ಸುಳ್ಳಾಯಿತಾ?

ನಿಧಾನಿ:
ಒಂದು ಪ್ರಯೋಗದಿಂದ ಎಲ್ಲ ನಿಜ ಆಗಿತ್ತಲ್ಲ, ಹಾಗೇ.

ಹದ್ದಿನಕಣ್ಣು:
ಜಗಳ ಆಮೇಲೆ. ಕೋಶಪ್ರಿಯ ಅವರೇ, ಬರೀ ಅಸಿಟೋನ್ ಹಚ್ಚಿದ ಮರಿಗಳು ಏನಾದವು?

ಕೋಶಪ್ರಿಯ:
ಅವೂ ಸುಮಾರು ಹಾಗೇ. ಅದನ್ನೂ ಬೇರೆ ಹೇಳಬೇಕಾ?

ಹದ್ದಿನಕಣ್ಣು:
ಅದನ್ನೇ ಮೊದಲು ಹೇಳಬೇಕಿತ್ತು! ಊಟ ಎಷ್ಟು ಹಾಕುತ್ತೀರಿ?

ಕೋಶಪ್ರಿಯ:
ಖಾಲಿ ಆದಂತೆ ತುಂಬುತ್ತೇನೆ. ಮರಿ ಹಸಿದಿರಬಾರದು ಅಲ್ವಾ?

ಹದ್ದಿನಕಣ್ಣು:
ಇಲ್ಲೇ ಇರುವುದು ತೊಂದರೆ. ಜಾಸ್ತಿ ತಿಂದ ಮರಿಯ ತಲೆಯಲ್ಲಿರುವ ಕಾರ್ಪೊರಾ ಅಲಾಟಾ ಗ್ರಂಥಿ ತಾನೇ ಜುವೆನೈಲ್ ಹಾರ್ಮೋನ್ ಜಾಸ್ತಿ ಮಾಡುತ್ತದೆ. ನೀವು ಹಚ್ಚುವ ಮೊದಲೇ ಒಳಗೆ ಏರಿದೆ. ಒಂದು ಮರಿ ಜಾಸ್ತಿ ತಿನ್ನುತ್ತದೆ, ಇನ್ನೊಂದು ಕಡಿಮೆ, ಅದಕ್ಕೇ ಈ ಕಲಸುಮೇಲೋಗರ. ಅಂಡಾಶಯವನ್ನೂ ತೆರೆದು ನೋಡಿ. ಕೊನೆಯ ಹಂತದಲ್ಲಿ ಈ ಹಾರ್ಮೋನ್ ಕಡಿಮೆ ಇದ್ದರೆ ಮೊಟ್ಟೆ ಬೆಳೆಯುವ ಅಂಡನಾಳಗಳು ಸತ್ತು, ಕೆಲಸಗಾರ್ತಿಯಲ್ಲಿ ಬೆರಳೆಣಿಕೆಯಷ್ಟೇ ಉಳಿಯುತ್ತವೆ. ರಾಣಿಯಲ್ಲಿ ಪ್ರತಿ ಅಂಡಾಶಯಕ್ಕೆ 150ಕ್ಕೂ ಹೆಚ್ಚು. ನಿಮ್ಮವು ನಡುವೆ ಎಲ್ಲೋ ಇರುತ್ತವೆ.

ಮೊದಲು ಅಸಿಟೋನ್ ಗುಂಪಿನಲ್ಲಿ ಶುದ್ಧ ಕೆಲಸಗಾರ್ತಿ ಬರಲಿ. ಒಂದು ದಿನ ತುಂಬದ ಮರಿ ಗ್ರಾಫ್ಟ್ ಮಾಡಿ, ಅಂದರೆ ಗೂಡಿನಿಂದ ಎತ್ತಿ ಪ್ಲೇಟಿಗೆ ಹಾಕಿ. ಮೊದಲ ದಿನ ಮರಿಗೆ 20 ಮೈಕ್ರೋಲೀಟರ್ ಊಟ, ಎರಡನೇ ದಿನ ಏನೂ ಬೇಡ, ಆಮೇಲೆ 20, 30, 40, 50. ಒಟ್ಟು 160. ಊಟದಲ್ಲಿ ಅರ್ಧ ಜೆಲ್ಲಿ. ಗ್ಲೂಕೋಸ್, ಫ್ರಕ್ಟೋಸ್ ಶುರುವಿಗೆ ತಲಾ ಶೇ. 6, ಕೊನೆಗೆ ತಲಾ ಶೇ. 9. ಯೀಸ್ಟ್ ಸಾರ ಶೇ. 1ರಿಂದ 2. ನಿಮ್ಮದು ಯುರೋಪಿನ ಜೇನು ಮೆಲ್ಲಿಫೆರಾ ತಾನೇ? ನಮ್ಮ ತುಡುವೆ ಜೇನು ಆದರೆ ಈ ಲೆಕ್ಕ ನಡೆಯುವುದಿಲ್ಲ.

ಕೋಶಪ್ರಿಯ:
ಮೆಲ್ಲಿಫೆರಾನೇ, ಇನ್ನೇನು. ಬರೀ 160ಕ್ಕೆ ಹಸಿದು ಸಾಯುವುದಿಲ್ಲವಾ?

ಹದ್ದಿನಕಣ್ಣು:
ಇಲ್ಲ. ಪೂರ್ತಿ ತಿಂದು ಮುಗಿಸಿದ ಮೇಲೆ ಕೋಶದ (ಪ್ಯೂಪಾ ಹಂತದ) ಪ್ಲೇಟಿಗೆ ಹಾಕಿ. ಮರಿಗೆ ತೇವ ಶೇ. 95 ಇರಲಿ, ಕೋಶಕ್ಕೆ 75ಕ್ಕೆ ಇಳಿಸಿ.

ಅಸಿಟೋನ್‌ಅಣ್ಣ:
ಆದರೂ ಅಸಿಟೋನ್ ಬದಲಿಸಿ.

ಗೂಡುಗಾರ:
ನನ್ನ ಇನ್‌ಕ್ಯುಬೇಟರ್ ನಾನೇ ಕಟ್ಟಿದ್ದು. ಎರಡು ಫ್ಯಾನ್, ಎರಡು ಸೆನ್ಸರ್, 34.5 ಡಿಗ್ರಿಯಿಂದ ಅಲ್ಲಾಡುವುದಿಲ್ಲ. ಫೋಟೋ ಹಾಕಲಾ?

ರಸಪಾಕ:
ಹಾಕಿ ಹಾಕಿ! ತೇವಕ್ಕೆ ಏನು ಇಟ್ಟಿದ್ದೀರಿ?

ಗೂಡುಗಾರ:
ಪೊಟ್ಯಾಸಿಯಂ ಸಲ್ಫೇಟ್ ದ್ರಾವಣದ ತಟ್ಟೆ. ಕೋಶಕ್ಕೆ ಅಡುಗೆ ಉಪ್ಪಿನ ದ್ರಾವಣ.

ಕೋಶಪ್ರಿಯ:
ಎರಡನೇ ದಿನ ನಿಜವಾಗಿಯೂ ಏನೂ ಹಾಕಬಾರದಾ? ಯಾರಾದರೂ ಹೇಳಿ.